ವಾಂತಿಗೆ ಪೂರ್ಣ ಅಂಕ, ಕರುಳಿಗೆ ಅರ್ಧ: ಒಂದು ಕೀಮೋ ಡೇ ಕೇರ್ ವಿಭಾಗದ ಸೇವೆಯ ವಿಮರ್ಶೆ

2025ರ ಜನವರಿಯಿಂದ ಆರಂಭಿಸಿ ಸುಮಾರು ಆರು ತಿಂಗಳ ಕಾಲ ನಾನು ಹಾಸನದಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ಬಂದು ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿ ತೆಗೆದುಕೊಂಡೆ. ಮೊದಲ 4 ಸಲ ಮೂರು ವಾರಕ್ಕೊಮ್ಮೆ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್, ಆಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್, ಒಟ್ಟು 16 ಸಲ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ವೈದ್ಯರ ಚಿಕಿತ್ಸೆಯನ್ನಲ್ಲ. ಅದಕ್ಕೆ ಬೇಕಾದ ತಿಳಿವಳಿಕೆ ನನಗಿಲ್ಲ. ಡ್ರಿಪ್ಪಿನ ಸುತ್ತ ಇರುವ ಸೇವೆ, ಅಂದರೆ ಮೊದಲ ದಿನದ ಮಾಹಿತಿ, ಮನೆಗೆ ಕೊಟ್ಟು ಕಳಿಸುವ ಮಾತ್ರೆಗಳು, ಆಹಾರ ತಜ್ಞೆಯ ಸಲಹೆ, ಫೋನ್ ಸಹಾಯ, ಕೆಳಗಿನ ಔಷಧದ ಅಂಗಡಿ, ಕೊನೆಗೆ ಶೌಚಾಲಯ, ಇವು ಹೊಟ್ಟೆ ಕರುಳುಗಳ ವಿಷಯದಲ್ಲಿ ಎಷ್ಟು ಕೆಲಸಕ್ಕೆ ಬಂದವು ಎಂಬುದಷ್ಟೇ ನನ್ನ ವಿಷಯ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ. ಪಕ್ಕದ ಕುರ್ಚಿಗಳಲ್ಲಿ ಕೂತವರು ತಾವು ಮೊದಲು ತೋರಿಸಿದ್ದ ಬೇರೆ ಆಸ್ಪತ್ರೆಗಳ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ ಕಥೆಯಾದ್ದರಿಂದ ಒಬ್ಬರನ್ನೇ ಹಿಡಿದು ನಿಲ್ಲಿಸುವುದು ನ್ಯಾಯವೂ ಅಲ್ಲ.

ಒಳ್ಳೆಯದರಿಂದ ಶುರು ಮಾಡುತ್ತೇನೆ. ಮೊದಲ ಡ್ರಿಪ್ಪಿಗೆ ಮುಂಚೆ ಹಿರಿಯ ಸಿಸ್ಟರ್ ಒಬ್ಬರು ನನ್ನನ್ನೂ ನನ್ನ ತಂಗಿಯನ್ನೂ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ವಿಚಿತ್ರವೆನಿಸಿತು. "ಬಸುರಿಯಾಗಿದ್ದಾಗ ವಾಂತಿ ಜಾಸ್ತಿ ಇತ್ತೇನಮ್ಮ? ಬಸ್ಸಲ್ಲಿ ಕೂತ್ರೆ ಹೊಟ್ಟೆ ತೊಳೆಸುತ್ತಾ?" ಎರಡಕ್ಕೂ ಹೌದು ಎಂದೆ. ಇಪ್ಪತ್ತೇಳು ವರ್ಷದ ಹಿಂದಿನ ಬಸಿರಿಗೂ ಇವತ್ತಿನ ಕೀಮೋಗೂ ಏನು ಸಂಬಂಧ ಎಂದು ತಂಗಿ ನನ್ನ ಮುಖ ನೋಡಿದಳು. ಸಂಬಂಧ ಇದೆ. ಕೀಮೋದಿಂದ ವಾಂತಿಯಾಗುವ ಸಂಭವ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಅದರಲ್ಲೂ ಬಸಿರಿನಲ್ಲಿ ವಾಂತಿಯಿಂದ ಬಳಲಿದವರಿಗೆ, ಪ್ರಯಾಣದಲ್ಲಿ ವಾಂತಿ ಮಾಡಿಕೊಳ್ಳುವವರಿಗೆ, ವಯಸ್ಸು ಕಡಿಮೆಯಿರುವವರಿಗೆ ಇನ್ನೂ ಹೆಚ್ಚು. ನನಗೆ ಕೊಡಲಿದ್ದ ಜೋಡಿ ಔಷಧವೇ ವಾಂತಿ ತರಿಸುವುದರಲ್ಲಿ ಮೊದಲ ದರ್ಜೆಯದು. ಆದ್ದರಿಂದ ಡ್ರಿಪ್ಪಿಗೆ ಮುಂಚೆ ಒಂಡಾನ್ಸೆಟ್ರಾನ್ ಮತ್ತು ಡೆಕ್ಸಾಮೆಥಾಸೋನ್ ಇಂಜೆಕ್ಷನ್. ಅಪ್ರೆಪಿಟಂಟ್ ಕ್ಯಾಪ್ಸೂಲ್ ಮೊದಲ ದಿನ 125 ಮಿಲಿಗ್ರಾಂ, ಮುಂದಿನ ಎರಡು ದಿನ 80 ಮಿಲಿಗ್ರಾಂ. ರಾತ್ರಿ ಮಲಗುವಾಗ ಓಲಾಂಜಪಿನ್ 2.5 ಮಿಲಿಗ್ರಾಂ, ಹೀಗೆ ನಾಲ್ಕು ಕಡೆಯಿಂದ ಕಾವಲು ಹಾಕಿದರು.

ಕೊನೆಯದರ ಬಗ್ಗೆ ಸಿಸ್ಟರ್ ಮುಂಚಿತವಾಗಿಯೇ ಎಚ್ಚರಿಸಿದ್ದು ಅವರ ಅನುಭವಕ್ಕೆ ಸಾಕ್ಷಿ. "ಇದು ತಲೆ ಸರಿಯಿಲ್ಲದವರಿಗೆ ಕೊಡೋ ಮಾತ್ರೆ ಅಂತ ಊರಲ್ಲಿ ಮೆಡಿಕಲ್ ಸ್ಟೋರ್‌ನೋರು ಹೇಳಬಹುದು, ಗಾಬರಿ ಆಗ್ಬೇಡಿ, ಇಲ್ಲಿ ವಾಂತಿಗೇ ಕೊಡ್ತಿರೋದು" ಎಂದಿದ್ದರು. ಹಾಸನದ ಅಂಗಡಿಯಾತ ಚೀಟಿ ನೋಡಿ ಹಾಗೆಯೇ ಹುಬ್ಬೇರಿಸಿದ. ಮೊದಲೆಲ್ಲ ಈ ಮಾತ್ರೆಯನ್ನು 10 ಮಿಲಿಗ್ರಾಂ ಕೊಡುತ್ತಿದ್ದರಂತೆ, ತೆಗೆದುಕೊಂಡವರು ಹಗಲೆಲ್ಲ ತೂಕಡಿಸುತ್ತಿದ್ದರಂತೆ, 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ತಡೆಯುವುದರಲ್ಲಿ ಕಡಿಮೆಯೇನಿಲ್ಲ, ತೂಕಡಿಕೆ ಮಾತ್ರ ಕಡಿಮೆ ಎಂದು ತೋರಿಸಿದ ಅಧ್ಯಯನ ನಮ್ಮದೇ ದೇಶದ್ದು, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆದು 2024ರಲ್ಲಿ ಪ್ರಕಟವಾದದ್ದು. 16 ಸಲದಲ್ಲಿ ನಾನು ವಾಂತಿ ಮಾಡಿದ್ದು ಎರಡೇ ಬಾರಿ. ನನ್ನ ಅತ್ತೆ 1980ರ ದಶಕದಲ್ಲಿ ಇದೇ ಕಾಯಿಲೆಗೆ ಕೀಮೋ ತೆಗೆದುಕೊಂಡು ಮಂಚದ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ದಿನ ಕಳೆದದ್ದನ್ನು ಕಂಡವಳಿಗೆ ಇದು ಸಣ್ಣ ವಿಷಯವಲ್ಲ. ವಾಂತಿಯ ವಿಷಯದಲ್ಲಿ ಈ ಸೇವೆಗೆ ಪೂರ್ಣ ಅಂಕ.

ಆದರೆ ಹೊಟ್ಟೆ ಎಂದರೆ ವಾಂತಿಯಷ್ಟೇ ಅಲ್ಲವಲ್ಲ. ಅರ್ಧ ಗಂಟೆಯ ಆ ಮಾತುಕತೆಯಲ್ಲಿ, ಕೈಗಿತ್ತ ಹದಿನಾರು ಪುಟದ ಪುಸ್ತಿಕೆಯಲ್ಲಿ, ಪ್ರತಿ ಸಲ ತುಂಬಿಸಿಕೊಳ್ಳುತ್ತಿದ್ದ ನಮೂನೆಯಲ್ಲಿ ವಾಂತಿಗೆ, ಜ್ವರಕ್ಕೆ, ಕೂದಲಿಗೆ, ನಿದ್ದೆಗೆ ಒಂದೊಂದು ಸಾಲಿತ್ತು. ಮಲಕ್ಕೆ ಇರಲಿಲ್ಲ.

ಕೀಮೋ ಔಷಧಕ್ಕೆ ಕ್ಯಾನ್ಸರ್ ಕೋಶ ಯಾವುದು, ನಮ್ಮ ಕೋಶ ಯಾವುದು ಎಂಬ ಭೇದವಿಲ್ಲ; ಬೇಗ ಬೇಗ ವಿಭಜನೆಯಾಗುವ ಕೋಶ ಕಂಡರೆ ಹೊಡೆಯುತ್ತದೆ. ಸಣ್ಣ ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ, ಆದ್ದರಿಂದ ಕೂದಲಿನ ಬುಡಕ್ಕೆ ಬಿದ್ದ ಪೆಟ್ಟು ಇದಕ್ಕೂ ಬೀಳುತ್ತದೆ. ವಾಂತಿಯ ಮೂಲವೂ ಇಲ್ಲಿಯೇ ಇದೆ. ದೇಹದ ಸೆರೊಟೋನಿನ್‌ನ ಬಹುಪಾಲು, ಸುಮಾರು ಶೇಕಡಾ 90ರಷ್ಟು, ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಔಷಧದ ಪೆಟ್ಟಿಗೆ ಕರುಳಿನ ಗೋಡೆಯ ಕೆಲವು ಕೋಶಗಳು ಅದನ್ನು ಒಮ್ಮೆಲೇ ಹೊರಚೆಲ್ಲಿದಾಗ ನರದ ಮೂಲಕ ಸುದ್ದಿ ಮಿದುಳಿಗೆ ಮುಟ್ಟಿ ವಾಂತಿಯಾಗುತ್ತದೆ. ಒಂಡಾನ್ಸೆಟ್ರಾನ್ ಆ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತದೆ. ಆದರೆ ಕರುಳು ಮುಂದಕ್ಕೆ ತಳ್ಳುವ ಕೆಲಸಕ್ಕೂ ಅದೇ ಸೆರೊಟೋನಿನ್ ಬೇಕಾದ್ದರಿಂದ ತಡೆ ಅಲ್ಲಿಗೂ ಬೀಳುತ್ತದೆ. ವಾಂತಿ ನಿಂತ ಮನೆಯಲ್ಲಿ ಮಲಬದ್ಧತೆ ಶುರುವಾಗುವುದು ಹೀಗೆ.

ನನಗೆ ಆದದ್ದೂ ಅದೇ. ಮೊದಲ ಕೀಮೋ ಆದ ಎರಡನೆಯ ದಿನದಿಂದ ಆರನೆಯ ದಿನದವರೆಗೆ ಹೊರಗೆ ಹೋಗಲಿಲ್ಲ. ಹೊಟ್ಟೆ ಕಲ್ಲಿನಂತಾಯಿತು, ಬೆವರು ಬರುವಷ್ಟು ತಿಣುಕಿದರೂ ಪ್ರಯೋಜನವಾಗಲಿಲ್ಲ, ಕೊನೆಗೆ ರಕ್ತ ಕಂಡಿತು. ಅಷ್ಟಾದರೂ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಹೈಸ್ಕೂಲು ಮಕ್ಕಳಿಗೆ ಜೀರ್ಣಾಂಗದ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ ತೋರಿಸಿದವಳು. ಆದರೂ ಪಕ್ಕದ ಕೋಣೆಯಲ್ಲಿ ಅಳಿಯ ಇರುವಾಗ ಆ ಮಾತು ಬಾಯಿಗೆ ಬರಲಿಲ್ಲ. ತಂಗಿ ತಾನಾಗಿಯೇ ಊಹಿಸಿ ಅಂಗಡಿಗೆ ಹೋಗಿ ಕೇಳಿದಾಗ ಆತ ಇಸಬ್‌ಗೋಲ್ ಡಬ್ಬ ಕೊಟ್ಟ, ಜೊತೆಗೆ ಗುದದ್ವಾರದಲ್ಲಿ ಇಡುವ ಬೈಸಕೋಡಿಲ್ ಗುಳಿಗೆಯನ್ನೂ ಕೊಟ್ಟ. ಎರಡೂ ಆ ಹೊತ್ತಿಗೆ ತಪ್ಪು ಎಂದು ತಿಳಿದದ್ದು ಮುಂದಿನ ಭೇಟಿಯಲ್ಲಿ. ಇಸಬ್‌ಗೋಲ್ ನೀರು ಹೀರಿ ಉಬ್ಬುವ ಹೊಟ್ಟು. ಸಾಕಷ್ಟು ನೀರು ಕುಡಿಯಲಾಗದ, ಕರುಳೇ ನಿಧಾನವಾಗಿರುವ ಹೊತ್ತಿನಲ್ಲಿ ತಿಂದರೆ ಅದೇ ಗಂಟಾಗಿ ಕೂರಬಹುದು. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಗುದದ್ವಾರದಲ್ಲಿ ಗುಳಿಗೆಯನ್ನಾಗಲಿ ಎನಿಮಾವನ್ನಾಗಲಿ ಬಳಸಬಾರದು, ಸಣ್ಣ ಗೀರಾದರೂ ಸೋಂಕು ರಕ್ತಕ್ಕೆ ಹೋಗಬಹುದು. ಅದನ್ನು ವಿವರಿಸಿದ ಸಿಸ್ಟರ್ ಆಮೇಲೆ ಪ್ರತಿ ಸಲ ಕೀಮೋ ದಿನದ ರಾತ್ರಿಯಿಂದಲೇ ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಶುರು ಮಾಡಿಸಿದರು, ಆ ತೊಂದರೆ ಮತ್ತೆ ಬರಲಿಲ್ಲ. "ಮೊದಲೇ ಹೇಳ್ಬಾರ್ದಿತ್ತೇನಮ್ಮ?" ಎಂದು ಅವರು ಕೇಳಿದಾಗ, ಮೊದಲೇ ಕೇಳಬಾರದಿತ್ತೇ ಸಿಸ್ಟರ್ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪಾಪ, ಅವರ ಮೇಲೆ ಆ ಮಾತು ಎಸೆಯುವುದು ಸರಿಯಲ್ಲವೆಂದು ಸುಮ್ಮನಾದೆ. ನಮೂನೆ ಮಾಡಿದವರು ಅವರಲ್ಲ.

ಆಹಾರ ಸಲಹೆಯ ವಿಷಯ ಎರಡು ಅಂಕದ ನಾಟಕ. ಮೊದಲ ಭೇಟಿಗೆ 600 ರೂಪಾಯಿ ಕೊಟ್ಟು ಪಡೆದದ್ದು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಅದರಲ್ಲಿ ಓಟ್ಸ್, ಬ್ರಾಕೊಲಿ, ಕ್ವಿನೋವಾ, ಆಲಿವ್ ಎಣ್ಣೆ, ಬೇಯಿಸಿದ ಮೀನು. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದೆ. ಎರಡನೆಯ ಕೀಮೋ ಹೊತ್ತಿಗೆ ಆ ಜಾಗದಲ್ಲಿ ಬೇರೊಬ್ಬ ತಜ್ಞೆ ಇದ್ದರು, ಮಂಡ್ಯದ ಕಡೆಯ ಚಿಕ್ಕ ವಯಸ್ಸಿನ ಹುಡುಗಿ. "ಮೇಡಂ, ಬೆಳಗ್ಗೆ ಎದ್ದು ನಿಜವಾಗ್ಲೂ ಏನ್ ತಿಂತೀರಾ ಹೇಳಿ" ಎಂದರು. ಹೇಳಿದೆ. ಆ ಇಂಗ್ಲಿಷ್ ಹಾಳೆಯನ್ನೇ ತಿರುಗಿಸಿ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಮುದ್ದೆ ನುಂಗಲಾಗದ ದಿನ ರಾಗಿ ಗಂಜಿ, ಖಾರವಿಲ್ಲದೆ ಬಸಿದ ಹೆಸರುಕಾಳಿನ ಕಟ್ಟು, ಮೆತ್ತಗೆ ಬೆಂದ ಅನ್ನಕ್ಕೆ ತಿಳಿಸಾರು, ಬಾಯಿ ಹುಣ್ಣಾದರೆ ಹುಣಿಸೆ ಬೇಡ, ಉಗುರುಬೆಚ್ಚಗಿನ ನೀರಿಗೆ ಉಪ್ಪು ಮತ್ತು ಅಡುಗೆ ಸೋಡ ಹಾಕಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸುವುದು. ಅವರೆಕಾಯಿಯ ಕಾಲ ಇನ್ನೂ ಮುಗಿದಿರಲಿಲ್ಲ. "ಹಿತಕಿದ ಬೇಳೆ ಈ ವರ್ಷ ಬಿಟ್ಬಿಡಿ ಮೇಡಂ, ಮುಂದಿನ ವರ್ಷ ಎರಡರಷ್ಟು ತಿನ್ನೋರಂತೆ" ಎಂದಾಗ ಕ್ಯಾನ್ಸರ್ ಎಂದು ತಿಳಿದ ಮೇಲೆ ನನ್ನ ಮುಂದಿನ ವರ್ಷದ ಬಗ್ಗೆ ಅಷ್ಟು ಸಲೀಸಾಗಿ ಮಾತಾಡಿದವರು ಅವರೇ ಮೊದಲು ಎಂಬುದು ಹೊಳೆಯಿತು.

ಹಾಲಿನ ವಿಷಯವನ್ನು ತಿಳಿಸಿದವರೂ ಅವರೇ. ಹಾಸನದವಳಿಗೆ ಬೆಳಗಿನ ಕಾಫಿ ಬಿಡುವುದೆಂದರೆ ಮನೆ ಬಿಟ್ಟಂತೆ. ಆದರೆ ಎರಡನೆಯ ಕೀಮೋ ನಂತರ ಹಾಲು ಹಾಕಿದ ಕಾಫಿ ಕುಡಿದ ಅರ್ಧ ಗಂಟೆಯಲ್ಲಿ ಹೊಟ್ಟೆ ಗುಡುಗತೊಡಗುತ್ತಿತ್ತು, ಎರಡು ಸಲ ನೀರಿನಂತೆ ಭೇದಿಯಾಗುತ್ತಿತ್ತು. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಇರುವುದು ಕರುಳಿನ ಒಳಪದರದ ತುದಿಯಲ್ಲಿ. ಆ ಪದರವೇ ಸವೆದಾಗ ಕಿಣ್ವವೂ ಹೋಗುತ್ತದೆ, ಪದರ ಬೆಳೆದ ಮೇಲೆ ಮರಳುತ್ತದೆ. ಮೂರು ವಾರದ ಚಕ್ರದಲ್ಲಿ ಒಂದು ವಾರ ಹಾಲು ಬಿಟ್ಟೆ, ಅಷ್ಟರಲ್ಲೇ ಸರಿಹೋಯಿತು.

ಮೊಸರಿನ ವಿಷಯದಲ್ಲಿ ಮಾತ್ರ ಇಡೀ ಸೇವೆ ನಗೆಪಾಟಲಾಯಿತು. ಮೊದಲ ತಜ್ಞೆಯ ಹಾಳೆಯಲ್ಲಿ ಮೊಸರು ನಿಷಿದ್ಧ. ಎರಡನೆಯವರು ಮಜ್ಜಿಗೆ ಒಳ್ಳೆಯದು ಎಂದರು. ಕೆಳಗಿನ ಔಷಧದ ಅಂಗಡಿಯವರು ಭೇದಿಗೆಂದು ಪ್ರೋಬಯಾಟಿಕ್ ಪುಡಿಯ ಹತ್ತು ಪೊಟ್ಟಣ ಕೊಟ್ಟರು. ಮೂವರ ಮಾತನ್ನೂ ವೈದ್ಯರ ಮುಂದಿಟ್ಟಾಗ ಅವರು ಮನೆಯಲ್ಲಿ ಕಾಯಿಸಿದ ಹಾಲಿಗೆ ಅಂದೇ ಹೆಪ್ಪು ಹಾಕಿದ ತಾಜಾ ಮೊಸರಿಗೆ ಒಪ್ಪಿಗೆ ಕೊಟ್ಟರು, ರಕ್ತಕಣ ಅತಿ ಕಡಿಮೆಯಿರುವ ದಿನಗಳಲ್ಲಿ ಅದನ್ನೂ ಬಿಡಿ ಎಂದರು, ಪೊಟ್ಟಣಗಳನ್ನು ಮಾತ್ರ ಪಕ್ಕಕ್ಕೆ ಸರಿಸಿದರು. ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಪ್ರೋಬಯಾಟಿಕ್‌ನ ಜೀವಂತ ಸೂಕ್ಷ್ಮಾಣುಗಳೇ, ಅಪರೂಪಕ್ಕಾದರೂ, ರಕ್ತಕ್ಕೆ ಸೇರಿ ಸೋಂಕು ಮಾಡಿರುವುದುಂಟು. ಹಸಿಯದೆಲ್ಲ ಬೇಡ, ಹಣ್ಣು ಬೇಡ, ಮೊಸರು ಬೇಡ ಎಂಬ ಹಳೆಯ ಕಟ್ಟುಪಾಡಿನಿಂದ ಸೋಂಕು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲವಂತೆ. ತೊಳೆಯುವುದು, ಬೇಯಿಸುವುದು, ಬಿಸಿಯಿರುವಾಗಲೇ ಉಣ್ಣುವುದು ಮುಖ್ಯ. ಇಷ್ಟನ್ನು ಒಂದೇ ಬಾಯಲ್ಲಿ ಹೇಳಲು ಒಂದು ಆಸ್ಪತ್ರೆಗೆ ಏನು ಕಷ್ಟ?

ಅಂಗಡಿಯ ಮೇಲೆ ಇನ್ನೊಂದು ದೂರಿದೆ. ಓಆರ್‌ಎಸ್ ಕೇಳಿದರೆ ಕಿತ್ತಳೆ ರುಚಿಯ ಪೆಟ್ಟಿಗೆ ಪಾನೀಯ ಕೊಟ್ಟರು, ಬೆಲೆಯೂ ಹೆಚ್ಚು, ಸಿಹಿಯೂ ಹೆಚ್ಚು. ನಿಜವಾದ ಓಆರ್‌ಎಸ್ ಪುಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ಸಕ್ಕರೆ ಅದಕ್ಕಿಂತ ಬಹಳ ಹೆಚ್ಚಿದ್ದರೆ ಕರುಳು ನೀರು ಹೀರುವ ಬದಲು ಬಿಡುತ್ತದೆ, ಭೇದಿ ಹೆಚ್ಚುತ್ತದೆ. ನನ್ನ ಚಿಕಿತ್ಸೆ ಮುಗಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಯ ಅಂಗಡಿಗೆ ಆ ಆದೇಶದ ಅಗತ್ಯ ಇರಬಾರದಿತ್ತು.

ಈಗ ಫೋನ್ ಸಹಾಯ. ದಿನದ 24 ಗಂಟೆಯೂ ಸಿಗುತ್ತದೆ ಎಂದು ಪುಸ್ತಿಕೆಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿದೆ. ಮೂರನೆಯ ಕೀಮೋ ಆದ ಹನ್ನೊಂದನೆಯ ದಿನ, ರಾತ್ರಿ ಹತ್ತೂವರೆಗೆ, ಬೆಳಗಿನಿಂದ ಆರು ಸಲ ಭೇದಿಯಾಗಿ, ಹೊಟ್ಟೆಯ ಬಲಭಾಗದ ಕೆಳಗೆ ನೋವು ಶುರುವಾಗಿ, ಥರ್ಮಾಮೀಟರಿನಲ್ಲಿ 100.8 ಕಂಡಾಗ ತಂಗಿ ಆ ಸಂಖ್ಯೆಗೆ ಕರೆ ಮಾಡಿದಳು. ಕರೆ ಎತ್ತಿದರು, ಅದು ನಿಜ. ಹೆಸರು, ನೋಂದಣಿ ಸಂಖ್ಯೆ ಕೇಳಿದರು. ಆಮೇಲೆ ಜ್ವರಕ್ಕೆ ಪ್ಯಾರಾಸಿಟಮಾಲ್, ಭೇದಿಗೆ ಲೋಪೆರಮೈಡ್ ಕೊಟ್ಟು ಬೆಳಗ್ಗೆ ಓಪಿಡಿಗೆ ಬನ್ನಿ ಎಂದರು. ಕೊನೆಯ ಕೀಮೋ ಯಾವಾಗ ಆಯಿತೆಂದು ಕೇಳಲಿಲ್ಲ. ಅದೊಂದು ಪ್ರಶ್ನೆ ಕೇಳಿದ್ದರೆ ಉತ್ತರವೇ ಬೇರೆಯಾಗುತ್ತಿತ್ತು. ಈ ಔಷಧಗಳಲ್ಲಿ ಬಿಳಿ ರಕ್ತಕಣ ತಳ ಮುಟ್ಟುವುದು 10ರಿಂದ 14ನೆಯ ದಿನದ ಆಸುಪಾಸಿನಲ್ಲಿ, ಆಗ 100.4 ದಾಟಿದ ಜ್ವರ ಬೆಳಗಿನವರೆಗೆ ಕಾಯುವಂಥದ್ದಲ್ಲ, ಜೊತೆಗೆ ಬಲಗಡೆ ಹೊಟ್ಟೆನೋವಿದ್ದರೆ ಕರುಳಿನ ಗೋಡೆಯೇ ಊದಿಕೊಂಡಿರಬಹುದು, ಸೋಂಕು ಇರುವಾಗ ಲೋಪೆರಮೈಡ್ ಕೊಟ್ಟು ಭೇದಿಯನ್ನು ಕಟ್ಟಿಹಾಕುವುದು ಅಪಾಯ. ಇದೆಲ್ಲ ನಮಗೆ ಆ ರಾತ್ರಿ ಗೊತ್ತಿರಲಿಲ್ಲ. ತಂಗಿಗೆ ಗೊತ್ತಿದ್ದದ್ದು ಸಿಸ್ಟರ್ ಮೊದಲ ದಿನ ಹೇಳಿದ ಒಂದೇ ಮಾತು: "ನೂರು ಪಾಯಿಂಟ್ ನಾಲ್ಕು ದಾಟಿದ್ರೆ ಯಾರನ್ನೂ ಕೇಳ್ಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗ್ಬಿಡಿ." ಹನ್ನೊಂದೂಕಾಲಿಗೆ ಹಾಸನದಲ್ಲೇ ದಾಖಲಾದೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ನ್ಯೂಟ್ರೊಫಿಲ್ 380 ಇತ್ತು, 500ಕ್ಕಿಂತ ಕಡಿಮೆ ಎಂದರೆ ಗಂಭೀರ. ಐದು ದಿನ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಟ್ಟರು. ನಾಲ್ಕನೆಯ ಕೀಮೋ ಒಂದು ವಾರ ಮುಂದಕ್ಕೆ ಹೋಯಿತು, ಅದರ ಮರುದಿನ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರು. ಒಂದೇ ಆಸ್ಪತ್ರೆಯ ಸಿಸ್ಟರ್ ಹೇಳಿದ ಮಾತು ನನ್ನನ್ನು ಅದೇ ಆಸ್ಪತ್ರೆಯ ಫೋನಿನಿಂದ ಕಾಪಾಡಿತು ಎಂದರೆ ತಮಾಷೆಯಂತೆ ಕೇಳುತ್ತದೆ. ಲಿಖಿತ ದೂರು ಕೊಟ್ಟೆವು; ಕರೆ ಮಾಡಿ ಕ್ಷಮೆ ಕೇಳಿದರು, ರಾತ್ರಿ ಪಾಳಿಯವರ ಮೇಜಿನ ಮೇಲೆ ಪ್ರಶ್ನೆಗಳ ಪಟ್ಟಿ ಇಡುವುದಾಗಿ ಹೇಳಿದರು. ಇಟ್ಟಿದ್ದಾರೋ ಇಲ್ಲವೋ ಪರೀಕ್ಷಿಸುವ ಸಂದರ್ಭ ಸದ್ಯ ಬರಲಿಲ್ಲ.

ಶೌಚಾಲಯದ ಬಗ್ಗೆ ಬರೆಯುವುದು ಕ್ಷುಲ್ಲಕವೆಂದು ಯಾರಿಗಾದರೂ ಅನ್ನಿಸಿದರೆ ಅವರು ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಸರದಿಯಲ್ಲಿ ನಿಂತಿಲ್ಲ ಎಂದರ್ಥ. 14 ಕುರ್ಚಿಗಳ ವಿಭಾಗಕ್ಕೆ ಒಂದೇ ಶೌಚಾಲಯ, ಗಂಡಸರು ಹೆಂಗಸರು ಎಲ್ಲರಿಗೂ ಅದೇ. ಗಂಟೆಗಟ್ಟಲೆ ದ್ರವ ಒಳಗೆ ಹೋಗುತ್ತಿರುತ್ತದೆ, ಮೂತ್ರ ತಡೆಯಲಾಗುವುದಿಲ್ಲ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಪಡೆದವರ ಮೂತ್ರವೂ ಕೆಂಪಗಿರುತ್ತದೆ, ಮುಂದಿನವರು ಏನೆಂದುಕೊಂಡಾರೋ ಎಂಬ ಸಂಕೋಚಕ್ಕೆ ಎರಡೆರಡು ಸಲ ನೀರು ಬಿಟ್ಟು ಬರುವಷ್ಟರಲ್ಲಿ ಹೊರಗೆ ಮೂವರು ನಿಂತಿರುತ್ತಾರೆ.

ನನ್ನ ಪಕ್ಕದ ಕುರ್ಚಿಗೆ ಕೆಲವು ವಾರ ಬರುತ್ತಿದ್ದ ಕುಣಿಗಲ್ ಕಡೆಯ ಒಬ್ಬರಿಗೆ ಗರ್ಭಕೊರಳಿನ ಕ್ಯಾನ್ಸರ್. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್, ವಾರಕ್ಕೈದು ದಿನ ಕಿಬ್ಬೊಟ್ಟೆಗೆ ರೇಡಿಯೇಷನ್. ಕೀಮೋ ಒಂದು ಕಡೆಯಿಂದ, ಕಿರಣ ಇನ್ನೊಂದು ಕಡೆಯಿಂದ ಒಂದೇ ಕರುಳಿಗೆ ಬಡಿಯುವುದರಿಂದ ಮೂರನೆಯ ವಾರದ ಹೊತ್ತಿಗೆ ಅವರಿಗೆ ಭೇದಿ ಹಿಡಿಯಿತು. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಒಂದು ದಿನ ಊಟದ ಡಬ್ಬ ಮುಂದಿಟ್ಟರೂ ಮುಟ್ಟದ್ದನ್ನು ಕಂಡು ಕೇಳಿದ್ದಕ್ಕೆ, "ನಿನ್ನೆ ರಾತ್ರಿಯಿಂದ ನೀರೂ ಕುಡಿದಿಲ್ಲ ಕಣಕ್ಕ, ಬಸ್ಸಲ್ಲಿ ಏನಾದ್ರೂ ಆಗೋದ್ರೆ ಎಲ್ಲಿ ಇಳೀಲಿ?" ಎಂದರು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಕಠಿಣವಾದ ಔಷಧ. ಅದನ್ನು ಕೊಡುವಾಗ ಬಾಟಲಿಗಟ್ಟಲೆ ದ್ರವ ಹರಿಸುವುದೇ ಅದಕ್ಕಾಗಿ. ಅಂಥ ಔಷಧ ಪಡೆಯುವ ಹೆಂಗಸು ದಾರಿಯಲ್ಲಿ ಶೌಚಾಲಯವಿಲ್ಲವೆಂದು ನೀರು ಬಿಟ್ಟು ಬರುತ್ತಾಳೆ. ಆ ವಾರ ಅವರ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿದ್ದಕ್ಕೆ ಕೀಮೋ ನಿಲ್ಲಿಸಿ ವಾಪಸು ಕಳಿಸಿದರು. ನೀರು ಜಾಸ್ತಿ ಕುಡಿಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಯಾಕೆ ಕುಡಿದಿಲ್ಲ ಎಂದು ಕೇಳಿದವರು ನನಗೆ ಕಾಣಲಿಲ್ಲ. ಆಕೆಯೂ ಹೇಳಲಿಲ್ಲ, ಸುತ್ತ ಗಂಡಸರು ಕೂತಿದ್ದರು.

ಪ್ಯಾಕ್ಲಿಟ್ಯಾಕ್ಸೆಲ್‌ನ 12 ವಾರಗಳ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಹೊಟ್ಟೆ ಬಹುಮಟ್ಟಿಗೆ ತಣ್ಣಗಿತ್ತು, ತೊಂದರೆ ಕೈಕಾಲಿನ ಬೆರಳುಗಳಿಗೆ ಜೋಮಾಗಿ ಬಂತು. ಬಾಯಿರುಚಿ ಮಾತ್ರ ಕೊನೆಯವರೆಗೂ ತಾಮ್ರದ ಚೊಂಬು ನೆಕ್ಕಿದಂತಿತ್ತು. ನಿಂಬೆಕಾಯಿ ಉಪ್ಪಿನಕಾಯಿಯ ರಸ ಎರಡು ಹನಿ ನಾಲಿಗೆಗೆ ಸೋಕಿಸಿಕೊಂಡರೆ ನಾಲ್ಕು ತುತ್ತು ಇಳಿಯುತ್ತಿತ್ತು. ಇದು ಯಾವ ಹಾಳೆಯಲ್ಲೂ ಇರಲಿಲ್ಲ, ನನ್ನ ತಾಯಿಯ ಕಾಲದ ಬಾಣಂತಿಯರ ಉಪಾಯ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಎರಡು ಸಿಸ್ಟರ್‌ಗೆ, ಒಂದು ಮಂಡ್ಯದ ಹುಡುಗಿಗೆ. ಅಲ್ಲಿಗೆ ಹೋಗುವವರಿಗೆ ಕೆಲವು ಮಾತು. ಆಹಾರ ಸಲಹೆಯ ಹಣ ಕಟ್ಟುವ ಮುಂಚೆ ಕನ್ನಡ ಬಲ್ಲ ತಜ್ಞೆ ಯಾವ ದಿನ ಇರುತ್ತಾರೆಂದು ಕೇಳಿಕೊಳ್ಳಿ. ಮೊದಲ ಕೀಮೋ ಮುಗಿಸಿ ಹೊರಡುವ ಮುಂಚೆಯೇ ಮೋಷನ್ ಆಗದಿದ್ದರೆ ಏನು ತೆಗೆದುಕೊಳ್ಳಬೇಕು, ಹೆಚ್ಚಾದರೆ ಏನು ಎಂದು ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಿ, ಅವರಾಗಿ ಕೇಳುವುದಿಲ್ಲ. ಕುರ್ಚಿಗಳನ್ನು ಬೆಳಗ್ಗೆ ಎಂಟೂವರೆಗೆ ಹಂಚುತ್ತಾರೆ. ಎಲ್ಲರೂ ಕಿಟಕಿಯ ಪಕ್ಕದ ಕುರ್ಚಿಗೆ ಮುಗಿಬೀಳುತ್ತಾರೆ, ನೀವು ಹದಿಮೂರನೆಯದನ್ನು ಕೇಳಿ. ಅಲ್ಲಿಂದ ಶೌಚಾಲಯದ ಬಾಗಿಲು ಆರು ಹೆಜ್ಜೆ, ಡ್ರಿಪ್ಪಿನ ಸ್ಟ್ಯಾಂಡನ್ನು ಯಾರ ಸಹಾಯವೂ ಇಲ್ಲದೆ ತಳ್ಳಿಕೊಂಡು ಹೋಗಬಹುದು.